ಕಾಲುವೆ ಇನ್ಸ್‌ಪೆಕ್ಟರರ ಜೊತೆ ಆಲಪ್ಪುಳಕ್ಕೆ

ಪುಣೆ ಸ್ಟೇಷನ್ನಿನಲ್ಲಿ ಗಾಡಿ ಹತ್ತುವ ಮೊದಲು ನಮ್ಮವರು ತಮ್ಮ ಷರತ್ತನ್ನು ಮತ್ತೊಮ್ಮೆ ಒದರಿದರು. "ನೋಡು ಸುಮಾ, ಇದೊಂದು ಸಲ ಬರ್ತೀನಿ. ನನ್ನ ಮನಸ್ಸಿಗೆ ಬಂತಂದ್ರ ಮುಂದಿಂದು ಮುಂದ. ಬರಲಿಲ್ಲಂದ್ರ ಇನ್ನ ಪ್ರವಾಸದ ಮಾತು ಮನ್ಯಾಗ ಎತ್ತಬಾರದು. ಕಬೂಲ?" ಸುತ್ತಲೂ ಹಮಾಲರು, ಸೂಟ್‌ಕೇಸುಗಳು, ವಡಾಪಾವ್ ಮಾರುವವರ ಕೂಗು. ಆ ಗದ್ದಲದಲ್ಲಿ "ಕಬೂಲ್ರಿ, ಮೊದಲ ಡಬ್ಬಿ ಹತ್ತರಿ" ಎಂದೆ. ಬಾಯಲ್ಲಿ ಹಾಗೆಂದರೂ ನನ್ನ ಜೀವ ಅಂಗೈಯಲ್ಲಿತ್ತು. ಮದುವೆಯಾದ ಮೇಲೆ ನಾವಿಬ್ಬರೇ ಬರೀ ತಿರುಗಾಡುವುದಕ್ಕೆಂದು ಹೊರಟಿದ್ದು ಇದೇ ಮೊದಲು. ಇದು ಕೆಟ್ಟರೆ ಮುಂದೆ ನನ್ನ ಪಾಲಿಗೆ ಉಳಿಯುವುದು ಜೇಜುರಿಯ ಖಂಡೋಬಾ ದೇವರು ಮತ್ತು ನೆಂಟರ ಮದುವೆಗಳು, ಅಷ್ಟೇ.

ನಮ್ಮವರು ಪುಣೆಯಲ್ಲಿ ಕಾಲುವೆ ಇನ್ಸ್‌ಪೆಕ್ಟರ್ ಆಗಿದ್ದವರು. ಖಡಕವಾಸಲಾದಿಂದ ಹೊರಟು, ಊರೊಳಗೆ ಹಾಯ್ದು, ಹಡಪಸರ ದಾಟಿ ಹೊಲಗಳ ಕಡೆಗೆ ಹೋಗುವ ಕಾಲುವೆಯ ದಂಡೆಯ ಮೇಲೆಯೇ ಅವರ ನೌಕರಿ ಮುಗಿಯಿತು. ಮೊದಲು ಸೈಕಲ್ ಮೇಲೆ, ಆಮೇಲೆ ಮೋಟರ್‌ಸೈಕಲ್ ಮೇಲೆ. ಕಾಲುವೆಗೆ ನೀರು ಬಿಡುವ ಸರದಿಗೆ ಪಾಳಿ ಎನ್ನುತ್ತಾರೆ. ಹಿಂಗಾರಿ ಪಾಳಿ ಬಂತು, ರಜೆ ಇಲ್ಲ. ಬೇಸಿಗೆ ಪಾಳಿ ಬಂತು, ರಜೆ ಇಲ್ಲ. ನೀರು ಕದಿಯುವವರನ್ನು ಹಿಡಿಯಬೇಕು, ಬಟ್ಟೆ ಒಗೆಯುವವರನ್ನು ಎಬ್ಬಿಸಬೇಕು, ಈಜಲು ಇಳಿದವರನ್ನು ಬೈದು ಮೇಲೆ ಹತ್ತಿಸಬೇಕು. ನಾನು ಮಕ್ಕಳನ್ನು ಕಟ್ಟಿಕೊಂಡು ಧಾರವಾಡದ ತವರಿಗೆ ಹೊರಟಾಗಲೆಲ್ಲ ಸ್ವಾರಗೇಟಿನ ಬಸ್ ಸ್ಟ್ಯಾಂಡಿನ ತನಕ ಬಂದು, ಚೀಲ ಏರಿಸಿಕೊಟ್ಟು, ಕಾಲುವೆಗೆ ಮರಳುತ್ತಿದ್ದರು. ನಿವೃತ್ತರಾದ ಮೇಲಾದರೂ ಹಗುರಾದಾರು ಎಂದುಕೊಂಡರೆ, ಮನೆಯ ನಲ್ಲಿಗಳ ಮೇಲೆ ಇನ್ಸ್‌ಪೆಕ್ಟರ್‌ಗಿರಿ ಶುರುವಾಯಿತು. ನಾನು ಪಾತ್ರೆ ತೊಳೆಯುವಾಗ ಹಿಂದೆ ಬಂದು ನಿಂತು "ಎಷ್ಟು ನೀರು ಬಿಡ್ತೀ!" ಎನ್ನುವ ಗಂಡನೊಡನೆ ಸಂಸಾರ ಮಾಡಿ ನೋಡಿ, ಆಗ ನನ್ನ ಕಷ್ಟ ತಿಳಿದೀತು.

ಕೇರಳದ ಆಲಪ್ಪುಳದ ಹೆಸರು ಹೇಳಿದವಳು ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಕಾವ್ಯಾ. ಮಂಡ್ಯದ ಹುಡುಗಿ, ಯೆರವಡಾದ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ. "ಆಂಟಿ, ಅಂಕಲ್‌ನ ಆಲೆಪ್ಪಿಗೆ ಕರ್ಕೊಂಡ್ ಹೋಗಿ. ಹಳೇ ಊರು, ಫುಲ್ ಕೆನಾಲ್ಸ್. ಅಂಕಲ್‌ಗೆ ಆಫೀಸ್‌ಗೆ ಹೋದಂಗೇ ಅನ್ಸುತ್ತೆ!" ಎಂದು ನಕ್ಕು, ಮೊಬೈಲಿನಲ್ಲೇ ಟಿಕೆಟ್ಟು, ಉಳಿಯಲು ಮನೆ ಎಲ್ಲ ಗೊತ್ತು ಮಾಡಿಬಿಟ್ಟಳು. ನಮ್ಮವರು ಹುಬ್ಬು ಗಂಟಿಕ್ಕಿ, "ನೌಕರಿ ಇರೂತನಾ ಪುಕ್ಕಟೆ ಕಾಲುವಿ ನೋಡೀನಿ. ಈಗ ರೊಕ್ಕಾ ಕೊಟ್ಟು ಕಾಲುವಿ ನೋಡಲಿಕ್ಕೆ ಹೋಗಬೇಕೇನು?" ಎಂದರು. ಹುಡುಗಿಯ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. ಅದಕ್ಕೇ ಆ ಷರತ್ತು.

ಕಾರ್ತಿಕದ ಕೊನೆಯ ವಾರ, ಪುಣೆಯಲ್ಲಿ ಆಗಲೇ ಚಳಿ. ಸ್ಲೀಪರ್ ಡಬ್ಬಿಯಲ್ಲಿ ಸ್ವೆಟರ್ ಹಾಕಿಕೊಂಡೇ ಮಲಗಿ ಎದ್ದಾಗ ಬೆಳಗಾವಿ ಸಮೀಪಿಸಿತ್ತು. ನಮ್ಮ ಕಡೆಯವರ ಒಂದು ಪದ್ಧತಿ ಉಂಟು. ನೆಂಟರ ಗಾಡಿ ತಮ್ಮ ಊರ ಮೇಲೆ ಹಾಯ್ದು ಹೋಗುತ್ತದೆಂದರೆ ಬುತ್ತಿ ಕಟ್ಟಿಕೊಂಡು ಪ್ಲಾಟ್‌ಫಾರ್ಮಿಗೆ ಬರಲೇಬೇಕು. ಬಾರದಿದ್ದರೆ ಅದು ಜನ್ಮವಿಡೀ ಆಡಿಕೊಳ್ಳುವ ಮಾತು. ನನ್ನ ತಂಗಿ ಶಾರದಾ ಕಿಟಕಿ ಕಿಟಕಿಗೆ ಇಣುಕುತ್ತ ಓಡಿ ಬಂದಳು. ಕಟಿರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮೊಸರು, ಮೇಲೆ ಒಂದು ಡಬ್ಬಿ ಕುಂದಾ. ನಾವು ಕೇರಳಕ್ಕಲ್ಲ, ದಂಡಯಾತ್ರೆಗೆ ಹೊರಟಿದ್ದೇವೆಂದು ಅವಳು ತಿಳಿದಂತಿತ್ತು. "ಭಾವಾರ, ಸ್ವಲ್ಪ ನಗ್ರಿ. ಪ್ರವಾಸಕ್ಕ ಹೊಂಟೀರಿ, ಕೋರ್ಟಿಗಲ್ಲ" ಎಂದು ಅವರನ್ನು ಕೆಣಕಿದಳು. ಗಾಡಿ ಅಲುಗಿತು. ಅವರು ನಗಲಿಲ್ಲ. ರೊಟ್ಟಿಯನ್ನು ಮಾತ್ರ ಚಪ್ಪರಿಸಿ ತಿಂದರು.

ಲೋಂಡಾ ದಾಟಿ ಘಟ್ಟ ಇಳಿಯುವಾಗ ದೂಧಸಾಗರ ಜಲಪಾತ ಬಂತು. ಡಬ್ಬಿಯ ಜನವೆಲ್ಲ ಒಂದೇ ಕಡೆ ಮುಗಿಬಿದ್ದು ಫೋಟೋ ಹೊಡೆದರು. ನಾನು ಆತುರದಿಂದ ನಮ್ಮವರ ಮುಖ ನೋಡಿದೆ, ಏನಾದರೂ ಅರಳಿತೇ ಎಂದು. "ಇಷ್ಟು ನೀರು ಅಳತಿ ಇಲ್ಲದ ಹರದು ಹೋಗ್ತದಲ್ಲಾ!" ಎಂದು ನಿಟ್ಟುಸಿರು ಬಿಟ್ಟರು. ಹುಟ್ಟುಗುಣ ಸುಟ್ಟರೂ ಹೋಗದು. ನಾನು ಕುಂದಾದ ಡಬ್ಬಿ ಅವರ ಮುಂದೆ ಸರಿಸಿದೆ.

ಕರಾವಳಿಯುದ್ದಕ್ಕೂ ಹಗಲೆಲ್ಲ ಓಡಿ, ಇನ್ನೊಂದು ರಾತ್ರಿ ಕಳೆದು, ಗಾಡಿ ಎರ್ನಾಕುಳಂ ಮುಟ್ಟಿತು. ಅಲ್ಲಿಂದ ಆಲಪ್ಪುಳಕ್ಕೆ ಬೇರೆ ಗಾಡಿ, ಒಂದು ತಾಸಿನ ಮೇಲೆ ಸ್ವಲ್ಪ ಹೊತ್ತಿನ ದಾರಿ. ಇಳಿದ ಕೂಡಲೇ ಸೆಖೆ ಮುಖಕ್ಕೆ ಬಡಿಯಿತು. ನಮ್ಮಿಬ್ಬರ ಸ್ವೆಟರ್, ಅವರ ಮಂಕಿ ಟೋಪಿ ಚೀಲದ ತಳ ಸೇರಿದವು.

ಆಟೋ ಊರೊಳಗೆ ಹೊಕ್ಕಿತು. ಊರ ನಡುವೆ ಎರಡು ಉದ್ದನೆಯ ಕಾಲುವೆಗಳು, ಅವುಗಳ ಎರಡೂ ದಂಡೆಗೆ ರಸ್ತೆ, ಅಲ್ಲಲ್ಲಿ ಸೇತುವೆ, ಹಳೆಯ ಹೆಂಚಿನ ಗೋದಾಮುಗಳು. ಇನ್ಸ್‌ಪೆಕ್ಟರ್ ಸಾಹೇಬರು ಮುಂದಕ್ಕೆ ಬಗ್ಗಿ ಚಾಲಕನನ್ನು ಹಿಂದಿಯಲ್ಲಿ ಕೇಳಿಯೇಬಿಟ್ಟರು, "ಯೇ ಪಾನೀ ಕಿಧರ್ ಜಾತಾ ಹೈ?"

ಚಾಲಕ ತಿರುಗಿ ನೋಡದೆ ಹೇಳಿದ, "ಕಹೀಂ ನಹೀಂ ಜಾತಾ ಸಾರ್. ಇಧರೀಚ್ ರಹತಾ ಹೈ."

ಎಲ್ಲಿಗೂ ಹೋಗದೆ ಇಲ್ಲೇ ಇರುವ ನೀರು! ನಮ್ಮವರ ಹುಬ್ಬುಗಳು ಒಂದಕ್ಕೊಂದು ಕೂಡಿಕೊಂಡವು. "ಹಂಗಂದ್ರ ಇದು ಕಾಲುವಿ ಅಲ್ಲ, ಉದ್ದನ್ನ ಕೆರಿ" ಎಂದು ನನ್ನ ಕಡೆ ತಿರುಗಿ ತೀರ್ಪು ಕೊಟ್ಟರು. ಅಯ್ಯೋ ಖಂಡೋಬಾ, ಇನ್ನೂ ಮನೆಯೇ ಮುಟ್ಟಿಲ್ಲ, ಆಗಲೇ ಊರು ನಪಾಸಾಯಿತಲ್ಲ ಎಂದುಕೊಂಡೆ.

ಕಾವ್ಯಾ ಗೊತ್ತು ಮಾಡಿದ್ದ ಮನೆ ಊರ ಅಂಚಿನಲ್ಲಿತ್ತು. ರಸ್ತೆ ಮುಗಿದಲ್ಲಿ ಒಂದು ಸಣ್ಣ ತೋಡು, ಅಂದರೆ ಕಿರುಗಾಲುವೆ, ಅದನ್ನು ಚಿಕ್ಕ ದೋಣಿಯಲ್ಲಿ ದಾಟಿದರೆ ಮನೆಯ ಮೆಟ್ಟಿಲು. ಮನೆಯೊಡತಿ ಲೀಲಾಮ್ಮ ಮುಂಬೈಯಲ್ಲಿ ಬಹಳ ವರ್ಷ ನರ್ಸ್ ಆಗಿದ್ದವರು. ಹಿಂದಿ, ಅಲ್ಪಸ್ವಲ್ಪ ಮರಾಠಿ ಎರಡೂ ಬರುತ್ತಿದ್ದವು. ಗಂಡ ಜೋಸೆಫ್ ನೆಂಟರ ಊರಿಗೆ ಹೋಗಿದ್ದಾರೆ, ರಾತ್ರಿ ಬರುತ್ತಾರೆ ಎಂದರು. ನಾವು ಪ್ರಯಾಣದ ದಣಿವಿಗೆ ಬೇಗ ಉಂಡು ಮಲಗಿಬಿಟ್ಟೆವು. ಆ ದಿನದ ಊಟಕ್ಕೆ ಲೀಲಾಮ್ಮ ಕೆಂಪು ಕುಸುಬಲಕ್ಕಿಯ ಅನ್ನ, ಸಾಂಬಾರು, ತೆಂಗಿನಕಾಯಿ ಹಾಕಿದ ಪಲ್ಯ ಬಡಿಸಿದ್ದರು. ನಮ್ಮವರು ಬೆಳಗಾವಿಯ ಶೇಂಗಾ ಚಟ್ನಿಯನ್ನು ಆ ಅನ್ನಕ್ಕೆ ಕಲಸಿಕೊಂಡು ಉಂಡರು. ಇನ್ನೊಮ್ಮೆ ಅನ್ನ ಹಾಕಿಸಿಕೊಂಡದ್ದನ್ನು ನಾನು ಶುಭಶಕುನವೆಂದು ಮನಸ್ಸಿನಲ್ಲಿಟ್ಟುಕೊಂಡೆ.

ಆ ಶಕುನ ಬೆಳಗಿನ ಚಹಾದ ತನಕವೂ ಬಾಳಲಿಲ್ಲ. ನಾನು ಪಡಸಾಲೆಯಲ್ಲಿ ಕುಳಿತು ಕಪ್ಪು ತುಟಿಗೆ ಹಚ್ಚಿದ್ದೆ. ಮನೆಯ ಮುಂದಿನಿಂದ ಗುಡುಗಿನಂಥ ದನಿ ಕೇಳಿಸಿತು. "ಏ! ಬಾಹೇರ್ ನಿಘಾ! ಕಾಲವ್ಯಾತ್ ಆಂಘೋಳ್ ಕರಾಯ್ಚೀ ನಾಹೀ!" ಹೊರಗೆ ಬೀಳು, ಕಾಲುವೆಯಲ್ಲಿ ಸ್ನಾನ ಮಾಡುವ ಹಾಗಿಲ್ಲ. ನೌಕರಿ ಇರುವಷ್ಟು ಕಾಲ ದಿನಾ ಒದರಿದ ಅದೇ ಮಾತು, ಅದೇ ಮರಾಠಿ. ನಾನು ಕಪ್ಪು ಇಟ್ಟು ಓಡಿದೆ. ನಮ್ಮವರು ದಂಡೆಯ ಮೇಲೆ ಬನಿಯನ್ನಿನಲ್ಲಿ ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದನ್ನು ನೀರಿನತ್ತ ಚಾಚಿ ನಿಂತಿದ್ದಾರೆ. ಕೆಳಗೆ ಎದೆಮಟ್ಟದ ನೀರಿನಲ್ಲಿ ಮುಖ ತುಂಬ ಸಾಬೂನಿನ ನೊರೆ ಹಚ್ಚಿಕೊಂಡ, ತಲೆ ನೆರೆತ ಒಬ್ಬ ಗಂಡಸು ಇವರನ್ನೇ ಮಿಕಿಮಿಕಿ ನೋಡುತ್ತಿದ್ದಾನೆ.

ಆ ಮನುಷ್ಯನಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಬೆಳಗ್ಗೆ ಬನಿಯನ್ನಿನಲ್ಲಿ ನೀರಿನ ಬಳಿ ಬಂದು ಕೂಗಿ ಕೈ ಚಾಚಿದ ಅತಿಥಿಗೆ ಏನು ಬೇಕೆಂದು ಅವನು ತನ್ನಷ್ಟಕ್ಕೆ ಅರ್ಥ ಮಾಡಿಕೊಂಡ. ಬಾಯಿ ತುಂಬ ನಗುತ್ತ ಎರಡು ಮೆಟ್ಟಿಲು ಹತ್ತಿ ಬಂದು, ತನ್ನ ಕೈಯೊಳಗಿನ ಸಾಬೂನನ್ನು ನಮ್ಮವರ ಕೈಗೆ ಕೊಟ್ಟ. ಜಾಗ ಮಾಡಿಕೊಟ್ಟು ಪಕ್ಕಕ್ಕೂ ಸರಿದ.

ಮನೆಯ ಯಜಮಾನ ಜೋಸೆಫ್ ಅವರೇ! ತಮ್ಮ ಮನೆಯ ಮೆಟ್ಟಿಲಲ್ಲಿ, ತಮ್ಮ ತೋಡಿನಲ್ಲಿ, ದಿನದಂತೆ ಸ್ನಾನಕ್ಕೆ ಇಳಿದವರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಲೀಲಾಮ್ಮ ಅಡುಗೆಮನೆಯಿಂದ ಬಂದರು. ನಾನು ತೊದಲುತ್ತ ಹಿಂದಿಯಲ್ಲಿ ನಮ್ಮವರ ನೌಕರಿಯ ಕಥೆ ಹೇಳಿ ಕ್ಷಮೆ ಕೇಳಿದೆ. ಅವರು ಕೇಳುತ್ತ ಕೇಳುತ್ತ ಬಾಗಿಲ ಹೊಸ್ತಿಲ ಮೇಲೆಯೇ ಕುಸಿದು ಕುಳಿತು ನಕ್ಕರು. ಮಲಯಾಳದಲ್ಲಿ ಗಂಡನಿಗೆ ತಿಳಿಸಿದರು. ಜೋಸೆಫ್ ನೀರಿನಲ್ಲೇ ಅಟೆನ್ಷನ್ ನಿಂತು, ನೊರೆ ಸುರಿಯುವ ಕೈಯಿಂದ ಸೆಲ್ಯೂಟ್ ಹೊಡೆದು ಏನೋ ಅಂದರು. ಲೀಲಾಮ್ಮ ಹಿಂದಿ ಮಾಡಿದರು, "ದಂಡ ಎಷ್ಟಾಯಿತು ಸಾಹೇಬರೇ, ಅಂತ ಕೇಳ್ತಾ ಇದ್ದಾರೆ."

ನಾನು ನಮ್ಮವರ ಮುಖವನ್ನೇ ನೋಡಿದೆ. ಈ ಮನುಷ್ಯನಿಗೆ ತನ್ನನ್ನು ನೋಡಿ ಯಾರಾದರೂ ನಕ್ಕರೆ ಆಗಿಬರುವುದಿಲ್ಲ. ಕಿವಿ ಕೆಂಪಾಯಿತು. ಸಾಬೂನು ಹಿಡಿದ ಕೈ ಹಾಗೆಯೇ ನಿಂತಿತ್ತು. ಈಗ ಚೀಲ ಕಟ್ಟು ಅನ್ನುತ್ತಾರೆ, ಇನ್ನು ನನ್ನ ಪ್ರವಾಸ ಮುಗಿದ ಹಾಗೆಯೇ ಎಂದುಕೊಂಡೆ. ಆಗ ಮೀಸೆಯ ಒಂದು ತುದಿ ಸ್ವಲ್ಪ ಅಲುಗಿತು. "ಮೊದಲನೇ ಗುನ್ಹೆ ಅದ, ಈ ಸಲ ಬಿಟ್ಟೀನಿ ಅಂತ ಹೇಳು" ಎಂದರು ನನಗೆ. ಹೇಳಿದವರೇ ಮೊದಲು ಹೋ ಎಂದು ನಕ್ಕರು. ನಾಲ್ಕೂ ಜನ ನಕ್ಕ ಸದ್ದಿಗೆ ಆಚೆ ದಂಡೆಯ ಮನೆಯವರು ಹೊರಗೆ ಬಂದು ನೋಡಿದರು.

ಅಲ್ಲಿಂದ ಮುಂದೆ ಜೋಸೆಫ್ ಮತ್ತು ನಮ್ಮವರು ಅಗಲಲಿಲ್ಲ. ಇವರಿಗೆ ಮಲಯಾಳ ಬಾರದು, ಅವರಿಗೆ ಹಿಂದಿ ನಾಲ್ಕೇ ಮಾತು. ಆದರೆ ನೀರಿನ ವಿಷಯಕ್ಕೆ ಕೈಯೇ ಸಾಕಾಗುತ್ತಿತ್ತು. ತಿಂಡಿಗೆ ಅಕ್ಕಿ ಹಿಟ್ಟನ್ನು ಆವಿಯಲ್ಲಿ ಬೇಯಿಸಿದ ಪುಟ್ಟು, ಕಡಲೆ ಕೂಟು. ನಮ್ಮವರು ಪುಟ್ಟನ್ನು ಮುರಿದು "ಒಣಾ ಹಿಟ್ಟು ಅದಲ್ಲ ಇದು" ಎಂದು ಮೂಗು ಮುರಿದರೂ, ಮೊಸರು ಹಾಕಿಕೊಂಡು ತಟ್ಟೆ ಬರಿದು ಮಾಡಿದರು. ನಮ್ಮ ಕಟಿರೊಟ್ಟಿಯನ್ನು ಜೋಸೆಫ್ ಹಪ್ಪಳವೆಂದು ತಿಳಿದು ಚಹಾದ ಜೊತೆ ಕಟುಂಕಟುಂ ಕಡಿದರು.

ಆ ದಿನ ಜೋಸೆಫ್ ನಮ್ಮನ್ನು ಊರ ಜೆಟ್ಟಿಯಿಂದ ಸರಕಾರಿ ಬೋಟಿನಲ್ಲಿ ಕುಟ್ಟನಾಡಿನ ಕಡೆ ಕರೆದೊಯ್ದರು, ಲೀಲಾಮ್ಮನೂ ಬಂದರು. ಅಲ್ಲಿ ಬೋಟೆಂದರೆ ನಮ್ಮ ಪುಣೆಯ ಸಿಟಿ ಬಸ್ಸಿದ್ದ ಹಾಗೆ. ಕಂಡಕ್ಟರ್, ಟಿಕೆಟ್ಟು, ಸಂತೆಯ ಚೀಲ ಹಿಡಿದ ಹೆಂಗಸರು, ಮನೆಮನೆಯ ಮುಂದೆ ಸ್ಟಾಪು. ಟಿಕೆಟ್ಟು ಪುಣೆಯ ಒಂದು ವಡಾಪಾವಿಗಿಂತ ಅಗ್ಗ. ದೊಡ್ಡ ಹೌಸ್‌ಬೋಟುಗಳಲ್ಲಿ ಸಾವಿರಗಟ್ಟಲೆ ತೆತ್ತು ಹೋಗುವವರು ನೋಡುವ ನೀರನ್ನೇ ನಾವೂ ನೋಡಿದೆವು. ಹಿಂದಿನ ಕಾಲದಲ್ಲಿ ತಿರುವಾಂಕೂರಿನ ದಿವಾನರು ಊರ ಕಾಲುವೆಗಳನ್ನು ತೋಡಿಸಿದ್ದು ಹೊಲಕ್ಕಲ್ಲ, ಒಳನಾಡಿನ ಮೆಣಸು, ತೆಂಗಿನ ನಾರು ದೋಣಿಯಲ್ಲಿ ಬಂದರಿಗೆ ಬರಲಿ ಎಂದು, ಅಂತ ಲೀಲಾಮ್ಮ ವಿವರಿಸಿದರು. "ಇಲ್ಲಿ ನೀರು ಹೋಗಬೇಕಾಗಿಲ್ಲ, ದೋಣಿ ಹೋದರೆ ಸಾಕು" ಎಂದರು. ನಮ್ಮವರು ತಲೆದೂಗಿ "ಹಂಗ ಹೇಳ್ರಿ ಮತ್ತ!" ಎಂದರು. ಉದ್ದನ್ನ ಕೆರೆಗೆ ಕಾಲುವೆಯ ಪದವಿ ಮರಳಿ ಸಿಕ್ಕಿತು.

"ಅಕ್ಕಾ, ಮಿಂಚುಳ್ಳಿ ಹಕ್ಕಿ ನೋಡಿ, ಮಿಂಚುಳ್ಳಿ!" ಎಂದು ಲೀಲಾಮ್ಮ ನನ್ನ ತೋಳು ಹಿಡಿದು ಅಲ್ಲಾಡಿಸಿದರು. ನಾನು ನಮ್ಮವರ ಕಡೆ ನೋಡಿದೆ, ಅವರಿಗೆ ಕಂಡಿತೋ ಇಲ್ಲವೋ ಎಂದು. ಕಂಡಿತ್ತು. ನನಗೆ ನೆಮ್ಮದಿಯಾಯಿತು.

ಬೋಟು ಇಳಿದಲ್ಲಿ ಬದುವಿನ ಮೇಲೆ ನಡೆಯುತ್ತಿದ್ದಾಗ ನಮ್ಮವರು ಗಕ್ಕನೆ ನಿಂತರು. ಎಡಕ್ಕೆ ಕಾಲುವೆ ತುಂಬಿ ನಿಂತಿದೆ. ಬಲಕ್ಕೆ ಗದ್ದೆ, ಆಳೆತ್ತರ ಕೆಳಗೆ! ನೀರು ಮೇಲೆ, ನೆಲ ಕೆಳಗೆ. ಬದುವಿನ ಮೇಲೊಂದು ಪಂಪು ಗುಡುಗುಡು ಎನ್ನುತ್ತ ಗದ್ದೆಯೊಳಗಿನ ನೀರನ್ನು ಎತ್ತಿ ಕಾಲುವೆಗೆ ಸುರಿಯುತ್ತಿತ್ತು. ಹೊಲಕ್ಕೆ ನೀರು ಮುಟ್ಟಿಸುವುದೇ ಬದುಕಾಗಿದ್ದ ಮನುಷ್ಯ, ಹೊಲದಿಂದ ನೀರನ್ನು ಹೊರಗೆ ಹಾಕುವುದನ್ನು ಬಾಯಿ ತೆರೆದು ನೋಡುತ್ತ ನಿಂತುಬಿಟ್ಟರು. ಆಮೇಲೆ ಪಂಚೆ ಎತ್ತಿ ಕಟ್ಟಿ ಕುಕ್ಕುರುಗಾಲಲ್ಲಿ ಕುಳಿತು, ಕೆಸರಿನಲ್ಲಿ ಕಡ್ಡಿಯಿಂದ ಗೆರೆ ಎಳೆದು ಜೋಸೆಫರನ್ನೂ ಪಂಪಿನವನನ್ನೂ ಪ್ರಶ್ನೆ ಕೇಳಲು ಶುರುಮಾಡಿದರು. ಗೇಟು ಎಲ್ಲಿ? ಪಾಳಿ ಯಾರದು? ಮೊದಲು ಯಾರ ಹೊಲ? ಲೀಲಾಮ್ಮ ಎರಡೂ ಕಡೆ ಮಾತು ಸಾಗಿಸಿ ಸಾಗಿಸಿ ಬೆವೆತರು. ಪಾಳಿ ಇಲ್ಲ, ಎಲ್ಲರ ಗದ್ದೆಯ ನೀರೂ ಒಟ್ಟಿಗೇ ಹೊರಗೆ ಹೋಗಬೇಕು, ಎಲ್ಲರೂ ಒಟ್ಟಿಗೇ ಬಿತ್ತಬೇಕು ಎಂದು ತಿಳಿದಾಗ ನಮ್ಮವರು ತೊಡೆ ತಟ್ಟಿ ನಕ್ಕರು. "ನೋಡಿದ್ಯಾ ಸುಮಾ! ನಮ್ಮಲ್ಲಿ ನೀರು ಬೇಕಂತ ಹೊಡದಾಡತಾರ. ಇಲ್ಲೆ ನೀರು ಬ್ಯಾಡಂತ ಒಂದಾಗ್ಯಾರ!" ಮುಖದ ತುಂಬ ಕೆಸರಿನ ಚುಕ್ಕೆ. ಮದುವೆಯ ಹೊಸತರಲ್ಲಿ ಕೂಡ ನಾನು ಆ ಮುಖ ಕಂಡಿರಲಿಲ್ಲ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮರುದಿನ ನಾವಿಬ್ಬರೇ ಊರೊಳಗೆ ತಿರುಗಿದೆವು. ಕಾಲುವೆಯ ದಂಡೆಗುಂಟ ನಡೆದು ಸಮುದ್ರದ ತನಕ ಹೋದೆವು. ಸೇತುವೆ ಬಂದಲ್ಲೆಲ್ಲ ನಮ್ಮವರು ನಿಂತು ಕೆಳಗೆ ಇಣುಕುವುದು, ನಾನು ಅವರ ಪಕ್ಕ ನಿಲ್ಲುವುದು. ಸಂಜೆ ಸಮುದ್ರದಂಡೆಯ ದೀಪಸ್ತಂಭ ಹತ್ತಿದೆವು. ನನ್ನ ಮೊಣಕಾಲು ಬೇಡವೆಂದರೂ ಬಿಡದೆ ಏದುಸಿರು ಬಿಡುತ್ತ ಹತ್ತಿದೆ. ಮೇಲೆ ಗಾಳಿಯೋ ಗಾಳಿ. ನಮ್ಮವರು ಕೂದಲು ಹಾರುತ್ತಿದ್ದಂತೆ, "ಅಲ್ಲೆ ನೋಡು, ಆ ತೆಂಗಿನ ಗಿಡದ ನಡುವಿಂದ ಕಾಲುವಿ ಬರ್ತದ, ಇಲ್ಲೆ ಸಮುದ್ರದ ಕಡೆ" ಎಂದು ಬೆರಳು ಚಾಚಿ ಚಾಚಿ ತೋರಿಸಿದರು. ಸಣ್ಣ ಹುಡುಗರ ಹಾಗೆ ಕಟಕಟೆಗುಂಟ ಮೂರು ಸಲ ಸುತ್ತಿದರು. ಕೆಳಗೆ ಬಂದು ಹುರಿದ ಶೇಂಗಾ ತಿಂದೆವು. ಚೆನ್ನಾಗಿತ್ತೇನ್ರಿ ಎಂದು ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿದೆ. ಕೇಳಿ ಎಡವಟ್ಟಾದರೆ?

ಹೊರಡುವ ದಿನ ಬೆಳಗ್ಗೆ ನಮ್ಮವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮೆಲ್ಲಗೆ ಹೊರಗೆ ಹೊರಟರು. "ಎಲ್ಲಿಗ್ರಿ?" ಎಂದೆ. "ಜೋಸೆಫ್ ಕರದಾನ" ಎಂದು ಮುಖ ತಿರುಗಿಸಿದರು. ನಾನೂ ಹಿಂದೆ ಹೋದೆ. ಮೆಟ್ಟಿಲ ಮೇಲೆ ನಿಂತು ಎಡಕ್ಕೂ ಬಲಕ್ಕೂ ನೋಡಿದರು, ಮೇಲಿನ ಸಾಹೇಬರ ಜೀಪು ಬರುತ್ತದೇನೋ ಎಂಬ ಹಾಗೆ. ನಾನು ಹಿಂದಿನಿಂದ, "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನ್ರಿ? ಇಳೀರಿ!" ಎಂದೆ. ಇಳಿದರು. ಈಜು ಬಾರದು, ಅಂಚಿನ ಕಲ್ಲು ಗಟ್ಟಿಯಾಗಿ ಹಿಡಿದುಕೊಂಡರು. ಸೊಂಟ, ಎದೆ, ಕೊನೆಗೆ ಗಂಗಾ ಯಮುನಾ ಎಂದು ಸ್ನಾನದ ಶ್ಲೋಕ ಒದರುತ್ತ ಬುಳಕ್ಕೆಂದು ಮುಳುಗಿದರು. ಮೇಲೆ ಬಂದಾಗ ಮೀಸೆಯಿಂದ ನೀರು ಸುರಿಯುತ್ತಿತ್ತು. "ಏ ಸುಮಾ, ನೀರು ಬೆಚ್ಚಗ ಅದ! ಬಾ!" ಲೀಲಾಮ್ಮನೂ ಹಳೆಯ ಸೀರೆಯೊಂದನ್ನು ಹಿಡಿದು ಬನ್ನಿ ಬನ್ನಿ ಎಂದರು. "ಒಲ್ಲೇರಿ, ನಾ ಇಲ್ಲಿಂದ ನೋಡ್ತೀನಿ" ಎಂದು ಮೆಟ್ಟಿಲ ಮೇಲೆ ಕುಳಿತೆ. ಕಣ್ತುಂಬ ನೋಡಿದೆ.

ಮರಳುವ ಗಾಡಿಯಲ್ಲಿ ಅವರು ಷರತ್ತಿನ ಮಾತೆತ್ತಲಿಲ್ಲ. ಕರಾವಳಿ ಹೋಯಿತು, ಘಟ್ಟ ಹತ್ತಿತು, ಬೆಳಗಾವಿಯಲ್ಲಿ ಶಾರದಾ ಮತ್ತೆ ಬುತ್ತಿ ತಂದಳು, ಮಿರಜಿನಲ್ಲಿ ಚಹಾ ಕುಡಿದೆವು. ಅವರು ಕಿಟಕಿಯ ಹೊರಗೆ ನೋಡುತ್ತ ಒಮ್ಮೊಮ್ಮೆ ತಮ್ಮಷ್ಟಕ್ಕೆ ನಗುತ್ತಿದ್ದರು, ಮತ್ತೆ ಗಂಭೀರವಾಗುತ್ತಿದ್ದರು. ಬಾಯಿಬಿಟ್ಟು ಹೇಳಬಾರದೇ ಪುಣ್ಯಾತ್ಮ! ಪುಣೆ ಬಂತು, ಆಟೋ ಹತ್ತಿದೆವು, ಮನೆಯ ಬೀಗ ತೆರೆದೆವು.

ಚೀಲ ಇಳಿಸುವಷ್ಟರಲ್ಲಿ ಕಾವ್ಯಾ ಮೆಟ್ಟಿಲು ಹಾರಿ ಹಾರಿ ಇಳಿದು ಬಂದಳು. "ಆಂಟಿ, ಹೆಂಗಿತ್ತು ಆಲೆಪ್ಪಿ? ಹೌಸ್‌ಬೋಟ್ಸ್ ಸೂಪರ್ ಅಲ್ವಾ? ಲೈಟ್‌ಹೌಸ್ ಮೇಲಿಂದ ಸನ್‌ಸೆಟ್ ನೋಡಿದ್ರಾ? ಯಾವ ಕಲರ್ ಇತ್ತು, ಹೇಳಿ ಹೇಳಿ!"

ನಾನು ಬಾಯಿ ತೆರೆದೆ. ಸೂರ್ಯ ಮುಳುಗಿದ್ದನೇ? ಮುಳುಗಿಯೇ ಇರಬೇಕು. ಸಮುದ್ರ ಯಾವ ಬಣ್ಣಕ್ಕಿತ್ತು? ಎಷ್ಟು ತಡಕಾಡಿದರೂ ಹಾರುವ ನರೆಗೂದಲು, ಚಾಚಿದ ಬೆರಳು, ಇಷ್ಟೇ ನೆನಪಿಗೆ ಬಂದವು. "ಭಾಳ... ಭಾಳ ಚಲೋ ಇತ್ತವಾ" ಎಂದು ತಡವರಿಸಿದೆ.

"ಇಕಿನ್ನ ಕೇಳಬ್ಯಾಡವಾ ತಂಗಿ" ಎಂದು ನಮ್ಮವರು ಬೂಟು ಬಿಚ್ಚುತ್ತ ಹೇಳಿದರು. "ಇಕಿ ಏನೂ ನೋಡಿಲ್ಲ. ಹೋದ ದಿನದಿಂದ ಬಂದ ದಿನದತನಕ ನನ್ನ ಮಾರೀನ ನೋಡ್ಯಾಳ. ಹಕ್ಕಿ ತೋರಿಸಿದ್ರ ನನ್ನ ಮಾರಿ ನೋಡ್ತಾಳ, ಸಮುದ್ರ ತೋರಿಸಿದ್ರ ನನ್ನ ಮಾರಿ ನೋಡ್ತಾಳ. ನೀರಿಗೆ ಕರದ್ರ ದಂಡೀಗೆ ಕೂತು ನನ್ನ ಮಾರಿ ನೋಡಿದಳು."

ಇವರು ಎಲ್ಲ ನೋಡುತ್ತಲೇ ಇದ್ದರೇ?

"ಮತ್ತೊಮ್ಮೆ ಬುಕ್ ಮಾಡು" ಎಂದು ಅವರು ಕಾವ್ಯಾಳಿಗೆ ಹೇಳಿದರು. "ಅದ ಊರು, ಅದ ಮನಿ. ಈ ಸಲ ಇಕಿ ಊರು ನೋಡ್ಲಿ. ನಾ ಇಕಿ ಮಾರಿ ನೋಡ್ತೀನಿ."

ಕಾವ್ಯಾ "ಅಂಕಲ್!" ಎಂದು ಕಿರುಚಿ ಚಪ್ಪಾಳೆ ತಟ್ಟಿದಳು. ಈ ವಯಸ್ಸಿನಲ್ಲಿ ನನಗೆ ಎಲ್ಲಿಲ್ಲದ ನಾಚಿಕೆ ಬಂದು, ಚಹಾಕ್ಕೆ ನೀರಿಡುವ ನೆವದಲ್ಲಿ ಒಳಗೆ ಹೋದೆ.